ಕಾರ್ಡ್ ಕೊಳ್ಳುವ ಮುನ್ನ ಎಸ್‌ಎಂಪಿಎಸ್ ಲೇಬಲ್ ಓದಿ

ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಮೇಲೆ ಮೂಡಬೇಕಾದ ಚಿತ್ರವನ್ನು ಲೆಕ್ಕ ಹಾಕಿಕೊಡುವ ಇನ್ನೊಂದು ಪುಟ್ಟ ಕಂಪ್ಯೂಟರ್. ಅದಕ್ಕೆ ತನ್ನದೇ ಪ್ರೊಸೆಸರ್ ಇದೆ, ತನ್ನದೇ ಮೆಮೊರಿ ಇದೆ, ಬಿಸಿ ಇಳಿಸಿಕೊಳ್ಳಲು ತನ್ನದೇ ಫ್ಯಾನ್ ಕೂಡ ಇದೆ. ಇಲ್ಲದಿರುವುದು ಒಂದೇ, ವಿದ್ಯುತ್ತು. ಅದನ್ನು ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕೂತಿರುವ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಿಂದ ಪಡೆಯಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಡೆಸ್ಕ್‌ಟಾಪ್‌ಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಹಾಗಾಗಿ ಕಾರ್ಡಿನ ಗುಣಗಾನವನ್ನು ಚುಟುಕಾಗಿ ಮುಗಿಸಿ, ಎಸ್‌ಎಂಪಿಎಸ್ ಬಗ್ಗೆ ವಿವರವಾಗಿ ನೋಡೋಣ.

ಪತ್ರ ಟೈಪ್ ಮಾಡಲು, ಸಿನಿಮಾ ನೋಡಲು, ಆನ್‌ಲೈನ್ ತರಗತಿಗೆ ಬೇರೆ ಕಾರ್ಡ್ ಬೇಡ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ಆಟ, ವಿಡಿಯೊ ಎಡಿಟಿಂಗ್, ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ತ್ರೀಡಿ ಕೆಲಸ ಇದ್ದರೆ ಮಾತ್ರ ಮುಂದೆ ಓದಿ.

ಉದಾಹರಣೆಗೆ ಡೆಲ್ ಆಪ್ಟಿಪ್ಲೆಕ್ಸ್ 9020 ಮಿನಿಟವರ್ ತೆಗೆದುಕೊಳ್ಳುತ್ತೇನೆ. 2013ರಲ್ಲಿ ಬಂದ, ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್ ಇರುವ ಕಚೇರಿ ಯಂತ್ರ ಇದು. ಕಂಪನಿಗಳು ಬಳಸಿ ಬಿಟ್ಟ ಇಂಥ ಪೆಟ್ಟಿಗೆಗಳು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತವೆ. ಒಂದು ಎಸ್‌ಎಸ್‌ಡಿ ಹಾಕಿದರೆ ದಿನನಿತ್ಯದ ಕೆಲಸಕ್ಕೆ ಇವತ್ತಿಗೂ ಗಟ್ಟಿ. ಮನೆಯ ಹುಡುಗ ‘ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ’ ಎಂದು ದುಂಬಾಲು ಬೀಳುವುದೂ ಆಗಲೇ.

ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಟೇಪ್ ಹಿಡಿದು ಕ್ಯಾಬಿನೆಟ್ಟಿನೊಳಗೆ ಎಷ್ಟು ಉದ್ದಕ್ಕೆ ಜಾಗವಿದೆ ನೋಡಿ. ಹಾರ್ಡ್ ಡಿಸ್ಕ್ ಕೂರಿಸುವ ಚೌಕಟ್ಟು ಅಡ್ಡ ಬರುವುದುಂಟು. ಕಾರ್ಡುಗಳು ಸಾಮಾನ್ಯವಾಗಿ ಎರಡು ಸ್ಲಾಟಿನಷ್ಟು ದಪ್ಪ ಇರುತ್ತವೆ, ಪಕ್ಕದ ಸ್ಲಾಟ್ ಖಾಲಿ ಇರಬೇಕು. ತೆಳು ಕ್ಯಾಬಿನೆಟ್ ಆದರೆ ಲೋ ಪ್ರೊಫೈಲ್ ಎಂಬ ಕುಳ್ಳ ಕಾರ್ಡೇ ಆಗಬೇಕು. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ಸ್ಲಾಟಿನ ತಲೆಮಾರಿನ ಬಗ್ಗೆ ಅಷ್ಟೊಂದು ತಲೆಬಿಸಿ ಬೇಡ. ಪಿಸಿಐ ಎಕ್ಸ್‌ಪ್ರೆಸ್ 4.0ರ ಕಾರ್ಡ್ 3.0 ಸ್ಲಾಟಿನಲ್ಲೂ ನಡೆಯುತ್ತದೆ, ಸಾಗಣೆಯ ವೇಗ ಅರ್ಧವಾಗುತ್ತದೆ ಅಷ್ಟೆ. 16 ಲೇನ್, ಅಂದರೆ ಮಾಹಿತಿ ಸಾಗುವ 16 ದಾರಿ ಬಳಸುವ ಕಾರ್ಡಿಗೆ ಅದರಿಂದ ಆಗುವ ನಷ್ಟ ಅಲ್ಪ. ನಾಲ್ಕೇ ಲೇನ್ ಬಳಸುವ ರೇಡಿಯಾನ್ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳಿಗೆ ಮಾತ್ರ ಹಳೆ ಸ್ಲಾಟಿನಲ್ಲಿ ಪೆಟ್ಟು ಬೀಳುತ್ತದೆ.

ಈಗ ಎಸ್‌ಎಂಪಿಎಸ್. ನಮ್ಮ 9020ರಲ್ಲಿ ಇರುವುದು 290 ವ್ಯಾಟಿನದು. ‘ಪ್ರೊಸೆಸರಿಗೆ 84, ಕಾರ್ಡಿಗೆ 170, ಮೊತ್ತ 254, ಇನ್ನೂ 36 ಉಳಿಯಿತಲ್ಲ!’ ಎಂದು ಕೂಡಿ ಕಳೆಯುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಕೂಡಿದ್ದು ಸರಿ, ಕೂಡಿದ ಅಂಕಿಗಳೇ ತಪ್ಪು. ಯಾಕೆಂದು ಒಂದೊಂದಾಗಿ ನೋಡೋಣ.

ಎಸ್‌ಎಂಪಿಎಸ್‌ನಿಂದ ಹೊರಡುವುದು ಒಂದೇ ಬಗೆಯ ವಿದ್ಯುತ್ತಲ್ಲ. 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಎಂಬ ಬೇರೆ ಬೇರೆ ಸಾಲುಗಳಿರುತ್ತವೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ವ್ಯಾಟ್ ಇವೆಲ್ಲವೂ ಸೇರಿದ್ದು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ 12 ವೋಲ್ಟಿನ ಸಾಲನ್ನೇ ನಂಬಿವೆ. ಆದ್ದರಿಂದ ಲೇಬಲ್ಲಿನಲ್ಲಿ ಹುಡುಕಬೇಕಾದದ್ದು 12 ವೋಲ್ಟಿನ ಕೆಳಗೆ ಬರೆದಿರುವ ಆಂಪಿಯರ್. ಅಲ್ಲಿ 18 ಆಂಪಿಯರ್ ಎಂದಿದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್. ಕಾರ್ಡ್, ಪ್ರೊಸೆಸರ್, ಫ್ಯಾನ್ ಎಲ್ಲವೂ ಇಷ್ಟರಲ್ಲೇ ಬದುಕಬೇಕು. ಕೆಲವು ಲೇಬಲ್ಲುಗಳಲ್ಲಿ 12 ವೋಲ್ಟಿನ ಎರಡು ಸಾಲು ಇರುತ್ತವೆ. ಅವನ್ನು ಸುಮ್ಮನೆ ಕೂಡಿಬಿಡಬೇಡಿ. ಎರಡೂ ಸೇರಿ ಗರಿಷ್ಠ ಎಷ್ಟು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಬರೆದಿರುತ್ತಾರೆ, ನಂಬಬೇಕಾದದ್ದು ಅದನ್ನು. ಇನ್ನು ಹೆಸರು ದೆಸೆಯಿಲ್ಲದ ಅಗ್ಗದ ಎಸ್‌ಎಂಪಿಎಸ್ ಮೇಲಿನ ‘450 ವ್ಯಾಟ್’ ಎಂಬ ಬರಹವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

12 ವೋಲ್ಟೇ ಯಾಕೆ? ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ನಿಲ್ಲುತ್ತೇನೆ. ಕಾರ್ಡಿನ ಚಿಪ್ ನಿಜಕ್ಕೂ ಬಳಸುವುದು ಸುಮಾರು 1 ವೋಲ್ಟ್. ಚಿಪ್ಪಿಗೆ 100 ವ್ಯಾಟ್ ಬೇಕೆಂದರೆ 1 ವೋಲ್ಟಿನಲ್ಲಿ ಅದು 100 ಆಂಪಿಯರ್! ಬಚ್ಚಲುಮನೆಯ 2000 ವ್ಯಾಟಿನ ಗೀಸರ್ ಎಳೆಯುವುದೇ 9 ಆಂಪಿಯರ್‌ಗಿಂತ ಕಡಿಮೆ. 100 ಆಂಪಿಯರನ್ನು ಎಸ್‌ಎಂಪಿಎಸ್‌ನಿಂದಲೇ ತರಬೇಕಿದ್ದರೆ ಹೆಬ್ಬೆರಳು ಗಾತ್ರದ ತಾಮ್ರ ಬೇಕಾಗುತ್ತಿತ್ತು. ಅದಕ್ಕೇ 12 ವೋಲ್ಟಿನಲ್ಲಿ ಕಡಿಮೆ ಆಂಪಿಯರಾಗಿ ತಂದು, ಚಿಪ್ಪಿನ ಮಗ್ಗುಲಲ್ಲೇ 1 ವೋಲ್ಟಿಗೆ ಇಳಿಸುತ್ತಾರೆ. ಕಾರ್ಡಿನ ಮೇಲೆ ಸಾಲಾಗಿ ಕೂತ ಬೂದುಬಣ್ಣದ ಚೌಕಾಕಾರದ ಬಿಲ್ಲೆಗಳು ಆ ಕೆಲಸದ ಸುರುಳಿಗಳು.

ಈ 12 ವೋಲ್ಟ್ ಕಾರ್ಡಿಗೆ ಬರುವ ದಾರಿ ಎರಡು. ಮೊದಲನೆಯದು ಸ್ಲಾಟ್. ಅದರ ಮೂಲಕ ಹೆಚ್ಚೆಂದರೆ 75 ವ್ಯಾಟ್, ಅದರಲ್ಲೂ 12 ವೋಲ್ಟಿನ ಪಾಲು 66 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬರಬೇಕು. 6 ಪಿನ್ನಿನದಾದರೆ 75 ವ್ಯಾಟ್, 8 ಪಿನ್ನಿನದಾದರೆ 150. ಎರಡು ಪಿನ್ ಹೆಚ್ಚಾದ ಮಾತ್ರಕ್ಕೆ ವ್ಯಾಟ್ ಇಮ್ಮಡಿ ಆದದ್ದು ಹೇಗೆ? ಆ ಎರಡು ಪಿನ್ನುಗಳಲ್ಲಿ 12 ವೋಲ್ಟ್ ಹರಿಯುವುದೇ ಇಲ್ಲ! ಎರಡೂ ಅರ್ಥ್ ಕಡೆಯ ಸಂಪರ್ಕಗಳು. ಅವುಗಳಲ್ಲೊಂದು, ‘ಈ ಕೇಬಲ್ಲಿನ ಹಿಂದೆ 150 ವ್ಯಾಟ್ ಕೊಡಬಲ್ಲ ಎಸ್‌ಎಂಪಿಎಸ್ ಇದೆ’ ಎಂದು ಕಾರ್ಡಿಗೆ ತಿಳಿಸುವ ಗುರುತು. ಗುರುತು ಕಂಡ ಕಾರ್ಡ್ ಧೈರ್ಯವಾಗಿ 150 ಎಳೆಯುತ್ತದೆ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪರಿವರ್ತಕ ಕೇಬಲ್ಲುಗಳ ಅಪಾಯ ಈಗ ತಾನಾಗಿ ಅರ್ಥವಾಗುತ್ತದೆ. ಹಾರ್ಡ್ ಡಿಸ್ಕಿಗೆಂದು ಇರುವ ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿನ ಪಿನ್ ಮೂರು, ಒಂದೊಂದರ ಮಿತಿ 1.5 ಆಂಪಿಯರ್. ಮೂರೂ ಸೇರಿದರೆ 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರ ತುದಿಗೆ 8 ಪಿನ್ನಿನ ಮೂತಿ ಅಂಟಿಸಿದರೆ ಕಾರ್ಡಿಗೆ ಹೋಗುವ ಸಂದೇಶ 150 ಎಂದು. ಕಾರ್ಡ್ ಅದನ್ನು ನಂಬುತ್ತದೆ, ಕನೆಕ್ಟರಿನ ಪ್ಲಾಸ್ಟಿಕ್ ಕರಗುತ್ತದೆ. ‘ನಮ್ಮಲ್ಲಿ ಏನೂ ಆಗಿಲ್ಲ ಸಾರ್’ ಎನ್ನುವ ಅಂಗಡಿಯವರೂ ಇದ್ದಾರೆ. ನನ್ನ ಅಭಿಪ್ರಾಯ ಖಡಾಖಂಡಿತ: ಸಾಟಾದಿಂದ ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ಕೊಡುವ ಕೇಬಲ್ ಮನೆಗೆ ತರಬೇಡಿ.

ಇನ್ನೊಂದು ಕಣ್ಣಿಗೆ ಕಾಣದ ಸಂಗತಿ ಇದೆ. ಕಾರ್ಡಿನ ಡಬ್ಬದ ಮೇಲಿನ 170 ವ್ಯಾಟ್ ಸರಾಸರಿಗೆ ಹತ್ತಿರದ ಅಂಕಿ. ಆಟದಲ್ಲಿ ದೃಶ್ಯ ಬದಲಾದಂತೆ ಕಾರ್ಡಿನ ಎಳೆತ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಅದನ್ನು ಮೀರಿ ಜಿಗಿಯುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಎಂಬ ಮಾನದಂಡ ಹೊಸ ದೊಡ್ಡ ಎಸ್‌ಎಂಪಿಎಸ್‌ಗಳಿಗೆ ಹಾಕಿದ ಷರತ್ತೇ ಇದು: ನೂರು ಮೈಕ್ರೊಸೆಕೆಂಡಿನಷ್ಟು ಹೊತ್ತು ತಮ್ಮ ವ್ಯಾಟಿನ ಎರಡರಷ್ಟನ್ನು ತಡೆದುಕೊಳ್ಳಬೇಕು. ಅದಕ್ಕೆ ಮುಂಚಿನ ಕಚೇರಿ ಎಸ್‌ಎಂಪಿಎಸ್‌ಗೆ ಅಂಥ ತರಬೇತಿ ಇಲ್ಲ. ಈ ಜಿಗಿತವನ್ನು ಅಪಾಯವೆಂದು ತಿಳಿದು ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆಟ ಶುರುವಾದ ಕೂಡಲೇ ನೀಲಿ ಪರದೆಯೂ ಇಲ್ಲದೆ, ಸಂದೇಶವೂ ಇಲ್ಲದೆ, ಕರೆಂಟು ಹೋದ ಹಾಗೆ ಕಂಪ್ಯೂಟರ್ ದಿಢೀರನೆ ಆರಿದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ ಇರಲಿ. ವಿಂಡೋಸ್ ಮರುಸ್ಥಾಪನೆ ಮಾಡಿ ಒಂದು ಭಾನುವಾರ ಹಾಳು ಮಾಡಿಕೊಳ್ಳುವುದು ಬೇಡ.

ಹಾಗಾದರೆ ಎಸ್‌ಎಂಪಿಎಸ್ ಬದಲಿಸಿದರಾಯಿತಲ್ಲ? ಸಾಮಾನ್ಯ ಮದರ್‌ಬೋರ್ಡಿಗೆ ಬರುವುದು 24 ಪಿನ್ನಿನ ಕನೆಕ್ಟರ್. ಡೆಲ್ 9020ರಲ್ಲಿ ಅದು 8 ಪಿನ್. ಎಚ್‌ಪಿಯ ಕೆಲವು ಕಚೇರಿ ಮಾದರಿಗಳಲ್ಲಿ 6 ಪಿನ್. ಆ ಬೋರ್ಡಿಗೆಂದೇ ಮಾಡಿದ ಪರಿವರ್ತಕ ಕೇಬಲ್ ಸಿಕ್ಕರೆ ಮಿನಿಟವರಿನಲ್ಲಿ ಬೇರೆ ಎಸ್‌ಎಂಪಿಎಸ್ ಕೂರಿಸಬಹುದು. ತೆಳು ಮಾದರಿಗಳಲ್ಲಿ ಎಸ್‌ಎಂಪಿಎಸ್‌ನ ಆಕಾರವೇ ಬೇರೆ, ಆಸೆ ಬಿಡಿ.

ಇಂಥ ಯಂತ್ರಕ್ಕೆ ನನ್ನ ಶಿಫಾರಸು ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುವ ಕಾರ್ಡ್. ಜಿಟಿಎಕ್ಸ್ 1650 ಕಾರ್ಡಿನ ಕೇಬಲ್ ಬೇಡದ ಮಾದರಿಗಳು 75 ವ್ಯಾಟಿನವು. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್. ಹುಷಾರು, ಅದೇ 3050 ಹೆಸರಿನ 8 ಜಿಬಿ ಮಾದರಿಗೆ 130 ವ್ಯಾಟ್ ಬೇಕು, ಅದು ಕೇಬಲ್ ಕೇಳುತ್ತದೆ. ಇಂಟೆಲ್ ಆರ್ಕ್ ಕಾರ್ಡುಗಳು ಹೊಸ ಯಂತ್ರಗಳಿಗೆ ಸರಿ. ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದ ಹಳೆ ಬೋರ್ಡಿನಲ್ಲಿ ಅವು ಬಹಳ ಸೊರಗುತ್ತವೆ. 1650, 3050ಕ್ಕಿಂತ ದುಬಾರಿ ಕಾರ್ಡ್ ಹಾಕಿದರೂ ಈ ಹಳೆ ಪ್ರೊಸೆಸರ್ ಅದಕ್ಕೆ ತಕ್ಕ ಕೆಲಸ ಒದಗಿಸಲಾರದು, ಕೊಟ್ಟ ದುಡ್ಡು ಸುಮ್ಮನೆ ಕೂರುತ್ತದೆ.

ಜೋಡಿಸುವುದು ಸುಲಭ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ ಖಾಲಿ ಮಾಡಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಕಾರ್ಡ್ ಸ್ಲಾಟಿನಲ್ಲಿ ಟಕ್ ಎಂದು ಕೂತ ಮೇಲೆ ಹಿಂದುಗಡೆಯ ಸ್ಕ್ರೂ ಬಿಗಿಯಿರಿ. ಮಾನಿಟರಿನ ಕೇಬಲ್ ಹೊಸ ಕಾರ್ಡಿಗೇ ಚುಚ್ಚಿ. ಅದನ್ನು ಹಳೆಯ ಜಾಗದಲ್ಲೇ, ಮದರ್‌ಬೋರ್ಡಿನಲ್ಲೇ ಬಿಟ್ಟು ‘ಕಾರ್ಡ್ ಕೆಟ್ಟಿದೆ’ ಎಂದು ವಾಪಸ್ ತರುವವರು ಇವತ್ತಿಗೂ ಇದ್ದಾರೆ.

ಓದುಗರಲ್ಲಿ ಒಂದು ಕೋರಿಕೆ. ವೋಲ್ಟ್, ಆಂಪಿಯರ್, ವ್ಯಾಟ್‌ಗಳ ಸಂಬಂಧ ಹತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲೇ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಕೂತು ಆ ಪಾಠವನ್ನು ಇನ್ನೊಮ್ಮೆ ಓದಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ನಿಮ್ಮ ಎಸ್‌ಎಂಪಿಎಸ್‌ನ ಲೇಬಲ್ಲಿಗೆ ಆ ಲೆಕ್ಕ ಹಚ್ಚಿ ನೋಡಿ. 12 ವೋಲ್ಟಿನ ಆಂಪಿಯರ್ ಎಷ್ಟು, ಬಿಡುವಾಗಿರುವ 6 ಅಥವಾ 8 ಪಿನ್ನಿನ ಕೇಬಲ್ ಇದೆಯೆ, ಮದರ್‌ಬೋರ್ಡಿನ ಮುಖ್ಯ ಕನೆಕ್ಟರಿಗೆ ಎಷ್ಟು ಪಿನ್ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ.