ಹುಡುಗನ ತಾಯಿ ಎಲ್ಲಿದ್ದಳು?

ಪದವಿ ತರಗತಿಯಲ್ಲಿ ಸಿರಿಯಾಳನ ಕಥೆಯನ್ನು ಪಾಠ ಹೇಳುತ್ತಿದ್ದೆ. ಶಿವನು ಜಂಗಮವೇಷದಿಂದ ಬಂದು ಮಗನ ಮಾಂಸದ ಅಡಿಗೆಯನ್ನೇ ಬೇಡುವುದು, ಸಿರಿಯಾಳನೂ ಅವನ ಮಡದಿಯೂ ಚೀಲಾಳನನ್ನು ಕೊಂದು ಬಡಿಸುವುದು, ಕೊನೆಗೆ ಸತ್ತ ಮಗನು ಓಡಿಬರುವುದು; ಇದು ಕನ್ನಡಿಗರಿಗೆ ಹೊಸದಲ್ಲ. ತಮಿಳಿನ ಪೆರಿಯಪುರಾಣದ ಸಿರುತ್ತೊಂಡರ ಚರಿತ್ರೆಯೂ ಇದೇ. ನಮ್ಮಲ್ಲಿ 1369ರ ಭೀಮಕವಿಯ ಬಸವಪುರಾಣದಿಂದ ಹಿಡಿದು ಹರಿಕಥೆಯವರೆಗೆ ಇದು ಹರಿದುಬಂದಿದೆ. ಹೋಲಿಕೆಗೆಂದು ನಾನು ಬೈಬಲಿನ ಅಬ್ರಹಾಮನ ಕಥೆಯನ್ನೂ ಹೇಳಿದೆ. ದೇವರು ಒಬ್ಬನೇ ಮಗ ಇಸಾಕನನ್ನು ಬಲಿಯಾಗಿ ಕೇಳಿದನು. ಮುದುಕನು ಬೆಳಗ್ಗೆ ಎದ್ದು ಕತ್ತೆಗೆ ತಡಿ ಹಾಕಿ, ಸೌದೆ ಒಡೆದು, ಇಬ್ಬರು ಆಳುಗಳೊಡನೆ ಮಗನನ್ನು ಮೊರೀಯ ದೇಶಕ್ಕೆ ಕರೆದೊಯ್ದನು. ಕತ್ತಿ ಎತ್ತಿದಾಗ ದೇವದೂತನು ತಡೆದನು. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಹುಡುಗನಿಗೆ ಬದಲಾಗಿ ಬಲಿಯಾಯಿತು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಕಾಡುಗೊಲ್ಲರ ಹಟ್ಟಿಯಿಂದ ಬರುವವಳು. ವರ್ಷದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಾಯಿ ಬಿಟ್ಟವಳಲ್ಲ. “ಸಾರ್, ಹುಡುಗನ ತಾಯಿ ಎಲ್ಲಿದ್ದಳು?”

ನಾನು ಉತ್ತರ ಹೇಳಲಾರದೆ ಹೋದೆ. ಮನೆಗೆ ಬಂದು ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯವನ್ನು ತೆರೆದು ನೋಡಿದೆ. ಕಥೆ ಮುಗಿಯುವುದು ಹತ್ತೊಂಬತ್ತು ವಚನಗಳಲ್ಲಿ. ಕತ್ತೆಯಿದೆ, ಸೌದೆಯಿದೆ, ಬೆಂಕಿಯಿದೆ, ಹೆಸರಿಲ್ಲದ ಆಳುಗಳಿದ್ದಾರೆ. ಸಾರಾ ಎಂಬ ಹೆಸರು ಮಾತ್ರ ಒಮ್ಮೆಯೂ ಬರುವುದಿಲ್ಲ. ತೊಂಬತ್ತನೆಯ ವಯಸ್ಸಿನಲ್ಲಿ ಹೆತ್ತ ಮಗ. ಆ ಬೆಳಗ್ಗೆ ಅವಳು ಏನು ಮಾಡುತ್ತಿದ್ದಳೆಂದು ಗ್ರಂಥಕ್ಕೆ ಬೇಕಾಗಲಿಲ್ಲ. ಅವಳ ಹೆಸರು ಮತ್ತೆ ಕಾಣುವುದು ಮುಂದಿನ ಅಧ್ಯಾಯದ ಮೊದಲಲ್ಲಿ: ನೂರಿಪ್ಪತ್ತೇಳು ವರ್ಷ ಬದುಕಿ ಸಾರಾ ಸತ್ತಳು ಎಂದು. ಯೆಹೂದ್ಯ ವ್ಯಾಖ್ಯಾನಕಾರರು ಈ ಎರಡು ಅಧ್ಯಾಯಗಳ ನಡುವಿನ ಸಂದಿಯಲ್ಲಿ ಒಂದು ದುಃಖವನ್ನು ಓದಿದ್ದಾರೆ. ಸುದ್ದಿ ಕೇಳಿಯೇ ಅವಳ ಪ್ರಾಣ ಹೋಯಿತು ಎನ್ನುತ್ತಾರೆ.

ಆ ಹುಡುಗಿಯ ಪ್ರಶ್ನೆಯನ್ನು ಅವಳಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ ಕೇಳಿದ ಕವಿಯೊಬ್ಬನಿದ್ದನೆಂಬುದು ನನಗೆ ತಿಳಿದುದು ತಡವಾಗಿ, ಅದೂ ಸಂಗೀತದ ದಾರಿಯಿಂದ. ಅವನು ಇಟಲಿಯ ಮೆಟಾಸ್ಟಾಸಿಯೋ. ಅವನ ಕೃತಿಯ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಇಸಾಕ, ಉದ್ಧಾರಕನ ಪ್ರತಿರೂಪ’. ಅದು ಓರಟೋರಿಯೋ ಎಂಬ ಜಾತಿಗೆ ಸೇರಿದುದು.

ಓರಟೋರಿಯೋ ಎಂದರೇನೆಂದು ಹೇಳಲು ನಮ್ಮ ಕಡೆಯವರಿಗೆ ಹೆಚ್ಚು ಮಾತು ಬೇಕಿಲ್ಲ. ನಮ್ಮ ಬುಕ್ಕಾಪಟ್ಟಣದ ಸುತ್ತಿನಲ್ಲಿ ಮೂಡಲಪಾಯ ನೋಡಿ ಬೆಳೆದವರಿಗೆ ಕಿರೀಟ, ಭುಜಕೀರ್ತಿ, ಕುಣಿತ, ಮುಖವೀಣೆಯ ಸದ್ದು ಎಲ್ಲ ಗೊತ್ತು. ಅದರಿಂದ ವೇಷವನ್ನು ತೆಗೆಯಿರಿ, ಕುಣಿತವನ್ನು ತೆಗೆಯಿರಿ, ರಂಗದ ಮೇಲೆ ಬಂದುಹೋಗುವುದನ್ನು ತೆಗೆಯಿರಿ. ಪಾತ್ರಗಳನ್ನೂ ಹಾಡನ್ನೂ ಮೇಳವನ್ನೂ ಮಾತ್ರ ಉಳಿಸಿಕೊಳ್ಳಿ. ಗಾಯಕರು ನಿಂತಲ್ಲಿಯೇ ನಿಂತು ಹಾಡುತ್ತಾರೆ. ಯುದ್ಧವೂ ಮರಣವೂ ಕಿವಿಯಲ್ಲಿಯೇ ನಡೆಯಬೇಕು. ಗಮಕಿಯು ಕುಮಾರವ್ಯಾಸನನ್ನು ಓದುವಾಗ ನಾವು ಕುರುಕ್ಷೇತ್ರವನ್ನು ಕಾಣುವ ರೀತಿ ಇದೇ ಅಲ್ಲವೆ? ಪು.ತಿ.ನ. ಅವರ ‘ಅಹಲ್ಯೆ’ಯನ್ನು ಓದಿದವರಿಗೆ ಸಂಗೀತದಿಂದಲೇ ನಾಟಕವಾಗುವುದೆಂದರೇನೆಂದೂ ತಿಳಿದಿದೆ. ಓರಟೋರಿಯೋಗೆ ‘ಗೇಯಕಥೆ’ ಎಂದು ಹೆಸರಿಡಬಹುದೆಂದು ನನ್ನ ಸೂಚನೆ. ಇನ್ನೂ ಒಳ್ಳೆಯ ಹೆಸರು ಹೊಳೆದವರು ಅದನ್ನೇ ಇಡಲಿ.

ಈ ಪ್ರಕಾರಕ್ಕೆ ಹೆಸರು ಬಂದುದು ಪ್ರಾರ್ಥನಾಮಂದಿರದಿಂದ. ಹದಿನಾರನೆಯ ಶತಮಾನದ ರೋಮಿನಲ್ಲಿ ಫಿಲಿಪ್ಪೋ ನೇರಿ ಎಂಬ ಸಂತನು ಅಂತಹ ಮಂದಿರದಲ್ಲಿ ಜನರನ್ನು ಕೂಡಿಸಿ, ಪ್ರವಚನದ ಜೊತೆಗೆ ಹಾಡನ್ನೂ ನಡೆಸುತ್ತಿದ್ದನು. ಮುಂದೆ ಅದು ಬೆಳೆದು ಎರಡು ಭಾಗದ ಗೇಯಕಥೆಯಾಯಿತು. ಎರಡು ಭಾಗಗಳ ನಡುವೆ ಉಪದೇಶ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ನಾಟಕಶಾಲೆಗಳು ಮುಚ್ಚುತ್ತಿದ್ದುದರಿಂದ ಒಪೆರಾದ ಗಾಯಕರಿಗೂ ರಸಿಕರಿಗೂ ಅದೇ ಗತಿಯಾಯಿತು. ಭಕ್ತಿಗೂ ಕಾಲಕ್ಷೇಪಕ್ಕೂ ಒಂದೇ ಚಪ್ಪರವನ್ನು ನಾವೂ ಹಾಕಿದವರೇ. ಆದುದರಿಂದ ನಗುವ ಹಕ್ಕು ನಮಗಿಲ್ಲ.

ಮೆಟಾಸ್ಟಾಸಿಯೋವಿನ ಹುಟ್ಟುಹೆಸರು ಪಿಯೆತ್ರೋ ತ್ರಪಾಸ್ಸಿ. 1698ರಲ್ಲಿ ರೋಮಿನಲ್ಲಿ ಹುಟ್ಟಿದನು. ಬೀದಿಯಲ್ಲಿ ಆಶುಕವಿತೆ ಹೇಳುತ್ತಿದ್ದ ಹುಡುಗನನ್ನು ಗ್ರವೀನಾ ಎಂಬ ವಿದ್ವಾಂಸನು ಕಂಡು, ಸಾಕಿಕೊಂಡು, ಅವನ ಹೆಸರನ್ನೇ ಗ್ರೀಕಿಗೆ ತಿರುಗಿಸಿ ಮೆಟಾಸ್ಟಾಸಿಯೋ ಎಂದು ಕರೆದನು. 1730ರಲ್ಲಿ ಅವನು ವಿಯೆನ್ನದ ಚಕ್ರವರ್ತಿಯ ಆಸ್ಥಾನಕವಿಯಾಗಿ ಹೋದನು; ಅಲ್ಲಿಯೇ ಐವತ್ತೆರಡು ವರ್ಷ ಇದ್ದು 1782ರಲ್ಲಿ ತೀರಿಕೊಂಡನು. ಆಸ್ಥಾನಕ್ಕಾಗಿ ಅವನು ಬರೆದ ಗೇಯಕಥೆಗಳು ಏಳು. ಕೊನೆಯದು ಇಸಾಕನ ಕಥೆ. 1740ರಲ್ಲಿ, ಲೂಕಾ ಆಂತೋನಿಯೋ ಪ್ರೆದಿಯೇರಿಯ ಸಂಗೀತದೊಡನೆ, ಅರಮನೆಯ ಪ್ರಾರ್ಥನಾಲಯದಲ್ಲಿ ಅದನ್ನು ಮೊದಲು ಹಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಸತ್ತುಹೋದನು.

ಕೃತಿಯ ಹೆಸರಿನಲ್ಲಿಯೇ ಅದರ ಮತತತ್ತ್ವವಿದೆ. ಸೌದೆಯ ಹೊರೆಯನ್ನು ಹೊತ್ತು ಬೆಟ್ಟ ಹತ್ತುವ ಇಸಾಕನು, ಮುಂದೆ ಶಿಲುಬೆಯನ್ನು ಹೊತ್ತು ಹೋಗುವ ಕ್ರಿಸ್ತನ ಮುನ್ನೆರಳು ಎಂದು ಕ್ರೈಸ್ತ ಆಚಾರ್ಯರ ವ್ಯಾಖ್ಯಾನ. ಕವಿ ಅದನ್ನು ಒಪ್ಪಿಯೇ ಬರೆದನು. ಆದರೆ ನನಗೆ ಅವನಲ್ಲಿ ಗೌರವ ಹುಟ್ಟಿಸಿದುದು ಆ ತತ್ತ್ವವಲ್ಲ. ಅವನು ಬೆಟ್ಟವನ್ನು ಕಥೆಯ ನಡುಮನೆಯಿಂದ ಆಚೆಗಿಟ್ಟು, ಅಬ್ರಹಾಮನ ಬಿಡಾರವನ್ನು ಒಳಗೆ ತಂದನು. ಪಾತ್ರಗಳು ಐದೇ: ಅಬ್ರಹಾಮ, ಇಸಾಕ, ಸಾರಾ, ಇಸಾಕನ ಜೊತೆಗಾರ ಗಮಾರಿ, ದೇವದೂತ. ಜೊತೆಗೆ ಆಳುಗಳ, ಕುರುಬರ ಮೇಳ. ದೇವರ ಆಜ್ಞೆ ಸಾರಳಿಗೂ ತಿಳಿಯುತ್ತದೆ. ಎದೆಯೊಡೆದರೂ ಅವಳು ತಲೆಬಾಗುತ್ತಾಳೆ. ಅಪ್ಪ ಮಗ ಹೊರಟುಹೋದ ಮೇಲೆ ಕವಿಯು ಅವರ ಹಿಂದೆ ಹೋಗದೆ ತಾಯಿಯ ಬಳಿಯಲ್ಲಿಯೇ ನಿಲ್ಲುತ್ತಾನೆ. ಎರಡನೆಯ ಭಾಗದಲ್ಲಿ ಅವಳು ಕಾಯುತ್ತಾಳೆ. ಬಂದ ಕುರುಬರನ್ನು ಕೇಳುತ್ತಾಳೆ. ಅವರು ಬಾಯಿ ಬಿಡುವುದಿಲ್ಲ. ಹೇಳಿಬಿಡಿ, ನಿಮ್ಮ ಮೌನವೇ ಹೆಚ್ಚು ಕ್ರೂರ ಎಂದು ಅವಳು ಅಂಗಲಾಚುವ ಹಾಡೊಂದಿದೆ. ಇಡೀ ಕೃತಿಯ ಜೀವ ಅಲ್ಲಿದೆಯೆಂದು ನನ್ನ ಭಾವನೆ.

ಆ ಕಾಲದ ಹಾಡಿನ ಕಟ್ಟನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಥೆ ಮುಂದುವರಿಯುವುದು ಮಾತಿಗೆ ಹತ್ತಿರವಾದ ರಾಗದ ಓದಿನಲ್ಲಿ; ಹರಿದಾಸರು ಕಥೆಯನ್ನು ನಡೆಸುವ ಹಾಗೆ. ಭಾವ ತುಂಬಿಬಂದಾಗ ಕಥೆ ನಿಂತು ಹಾಡು ಹುಟ್ಟುತ್ತದೆ. ಹಾಡಿಗೆ ಎರಡು ಸಣ್ಣ ಪದ್ಯ. ಎರಡನೆಯದು ಮುಗಿದ ಮೇಲೆ ಮೊದಲನೆಯದು ಮತ್ತೆ ಬರುತ್ತದೆ, ನಮ್ಮ ಪಲ್ಲವಿ ಬರುವಂತೆ. ಮರಳಿ ಬಂದಾಗ ಗಾಯಕರು ಅದನ್ನು ಹೊಸ ಸಂಗತಿಗಳಿಂದ ಬೆಳೆಸುತ್ತಾರೆ. ಇದು ಬರಿಯ ಕಸರತ್ತು, ಭಾವಕ್ಕೆ ಕೇಡು ಎಂದು ಹಳಿದವರು ಆಗಲೂ ಇದ್ದರು. ಬೇರೆ ಹಾಡುಗಳ ಮಟ್ಟಿಗೆ ಅವರ ದೂರು ನ್ಯಾಯವೇ ಇರಬಹುದು. ಆದರೆ ಮಗನ ಸುದ್ದಿಯನ್ನು ಕೇಳುವ ತಾಯಿಯು ಒಂದೇ ಪ್ರಶ್ನೆಯನ್ನಲ್ಲದೆ ಇನ್ನೇನನ್ನು ಕೇಳುತ್ತಾಳೆ?

ಮೆಟಾಸ್ಟಾಸಿಯೋವಿನ ಮಾತುಗಳಿಗೆ ಹಲವರು ಸಂಗೀತ ಕೂಡಿಸಿದರು. ಅವರಲ್ಲಿ ಇಬ್ಬರನ್ನು ಬಿಡುವಂತಿಲ್ಲ. ಒಬ್ಬನು ಪ್ರಾಗಿನ ಗಿರಣಿಯವನ ಮಗ ಯೋಸೆಫ್ ಮಿಸ್ಲಿವೆಚೆಕ್. ಅವನು 1776ರಲ್ಲಿ ಫ್ಲಾರೆನ್ಸಿನಲ್ಲಿ ಇದನ್ನು ಹಾಡಿಸಿದನು; ಮರುವರ್ಷ ಮ್ಯೂನಿಕ್ಕಿನಲ್ಲಿ ‘ಅಬ್ರಹಾಮ ಮತ್ತು ಇಸಾಕ’ ಎಂಬ ಹೆಸರಿನಿಂದ ಮತ್ತೆ ನಡೆಯಿತು. ಅದೇ 1777ರ ಅಕ್ಟೋಬರಿನಲ್ಲಿ ಇಪ್ಪತ್ತೊಂದು ವರ್ಷದ ಮೊಜಾರ್ಟ್ ಅವನನ್ನು ಮ್ಯೂನಿಕ್ಕಿನ ಆಸ್ಪತ್ರೆಯಲ್ಲಿ ಕಂಡನು. ರೋಗದಿಂದಲೂ ಶಸ್ತ್ರವೈದ್ಯರ ಸುಡುವಿಕೆಯಿಂದಲೂ ಮಿಸ್ಲಿವೆಚೆಕನ ಮೂಗು ಹೋಗಿ ಮುಖ ವಿಕಾರವಾಗಿತ್ತು. ಊರೆಲ್ಲ ಅವನ ಆ ಓರಟೋರಿಯೋವನ್ನೇ ಮಾತಾಡುತ್ತಿದೆಯೆಂದು ಮೊಜಾರ್ಟ್ ತನ್ನ ತಂದೆಗೆ ಬರೆದ ಕಾಗದ ಉಳಿದುಬಂದಿದೆ. ನಾಲ್ಕು ವರ್ಷದ ಮೇಲೆ ಮಿಸ್ಲಿವೆಚೆಕ್ ರೋಮಿನಲ್ಲಿ ಬಡತನದಲ್ಲಿ ಸತ್ತನು.

ಇನ್ನೊಬ್ಬಳು ಮರಿಯಾನ್ನಾ ಮಾರ್ತಿನೆಸ್. 1744ರಲ್ಲಿ ವಿಯೆನ್ನದಲ್ಲಿ ಹುಟ್ಟಿದಳು. ಕವಿ ಮೆಟಾಸ್ಟಾಸಿಯೋ ಮದುವೆಯಾಗದೆ ಅವಳ ತಂದೆಯ ಮನೆಯಲ್ಲಿಯೇ ಕೊನೆಯವರೆಗೆ ವಾಸವಾಗಿದ್ದನು. ಅವಳ ವಿದ್ಯೆಯನ್ನೆಲ್ಲ ನೋಡಿಕೊಂಡವನು ಅವನೇ. ಆ ಕಟ್ಟಡದ ಮೇಲಟ್ಟದಲ್ಲಿ ಒಬ್ಬ ಬಡ ಯುವಕನಿದ್ದನು, ಹೆಸರು ಯೋಸೆಫ್ ಹೈಡನ್. ಮಗುವಿಗೆ ವಾದ್ಯದ ಪಾಠ ಹೇಳಿಕೊಟ್ಟವನು ಅವನು. 1773ರಲ್ಲಿ ಬೊಲೊನ್ಯದ ಸಂಗೀತ ಅಕಾಡೆಮಿ ಅವಳನ್ನು ಸದಸ್ಯಳನ್ನಾಗಿ ಮಾಡಿಕೊಂಡಿತು. ಆ ಗೌರವ ಪಡೆದ ಮೊದಲ ಹೆಂಗಸು ಅವಳು. ಆದರೂ ಯಾವ ಆಸ್ಥಾನವೂ ಅವಳಿಗೆ ಹುದ್ದೆ ಕೊಡಲಿಲ್ಲ. 1782ರ ಮಾರ್ಚಿಯಲ್ಲಿ ಅವಳು ಸಂಗೀತ ಕೂಡಿಸಿದ ‘ಇಸಾಕ’ನನ್ನು ವಿಯೆನ್ನದ ಸಂಗೀತಗಾರರ ಸಂಘವು ಹಾಡಿತು. ಮುಂದಿನ ತಿಂಗಳು ಹನ್ನೆರಡನೆಯ ತಾರೀಖು ಮುದುಕ ಕವಿ ಕಣ್ಣು ಮುಚ್ಚಿದನು. ಬೈಬಲು ಬಿಟ್ಟ ತಾಯಿಗೆ ಒಬ್ಬ ಕವಿ ಮಾತು ಕೊಟ್ಟನು. ನಲವತ್ತೆರಡು ವರ್ಷದ ಮೇಲೆ ಅವನು ಸಾಕಿ ಬೆಳೆಸಿದವಳೊಬ್ಬಳು ಆ ಮಾತಿಗೆ ಧ್ವನಿ ಕೊಟ್ಟಳು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಅಸಮಾಧಾನವನ್ನೂ ಹೇಳಬೇಕು. ಮೆಟಾಸ್ಟಾಸಿಯೋವಿನ ಸಾರಾ ಬಹಳ ಒಳ್ಳೆಯವಳು. ಅಳುತ್ತಾಳೆ, ನಡುಗುತ್ತಾಳೆ, ಆದರೆ ಇಲ್ಲ ಎನ್ನುವುದಿಲ್ಲ. ನಮ್ಮ ಪುರಾಣದ ತಾಯಿ, ಸಂಗಳವ್ವೆ ಎಂದೂ ಚಂಗಳೆ ಎಂದೂ ಕರೆಯುವವಳು, ಇನ್ನೂ ಮುಂದೆ ಹೋದಳು; ಮಗನನ್ನು ತಾನೇ ಹಿಡಿದುಕೊಟ್ಟು, ತಾನೇ ಅಟ್ಟು ಬಡಿಸಿದಳು. ಬೈಬಲಿನಲ್ಲಿ ತಾಯಿಗೆ ಗೊತ್ತಿಲ್ಲ, ಇಟಲಿಯ ಕವಿಯಲ್ಲಿ ತಾಯಿ ಒಪ್ಪುತ್ತಾಳೆ, ನಮ್ಮಲ್ಲಿ ತಾಯಿಯೇ ಅಡಿಗೆ ಮಾಡುತ್ತಾಳೆ. ಮೂರರಲ್ಲಿ ಯಾವುದು ಅವಳಿಗೆ ಹೆಚ್ಚು ನ್ಯಾಯವೆಂದು ತರಗತಿಯಲ್ಲಿ ಕೇಳಿದರೆ ನಾನು ಹೇಳಲಾರೆ. ನಮ್ಮ ತಾಲ್ಲೂಕಿನ ಶಿರಾದಲ್ಲಿ, 1651ರ ಮಲಿಕ್ ರಿಹಾನನ ಗೋರಿಯೂ 1696ರ ಜಾಮಿಯಾ ಮಸೀದಿಯೂ ಇರುವ ಊರಿನಲ್ಲಿ, ಪ್ರತಿ ವರ್ಷ ಬಕ್ರೀದಿನ ದಿನ ಇದೇ ಕಥೆಯನ್ನು ನೆನೆಯುತ್ತಾರೆ. ಕುರಾನು ಮಗನ ಹೆಸರು ಹೇಳದು. ಮುಸಲ್ಮಾನರಲ್ಲಿ ಹೆಚ್ಚಿನವರು ಅವನು ಇಸ್ಮಾಯಿಲನೆಂದು ನಂಬುತ್ತಾರೆ. ಅಲ್ಲಿ ತಂದೆ ಕನಸನ್ನು ಮಗನಿಗೆ ಹೇಳಿ ಅವನ ಅಭಿಪ್ರಾಯ ಕೇಳುತ್ತಾನೆ. ಮಗನನ್ನು ಕೇಳಿದುದೊಂದು ದೊಡ್ಡತನ. ತಾಯಿಯನ್ನು ಕೇಳಿದವರು ಎಲ್ಲಿಯೂ ಇಲ್ಲ.

ನಾನು ಚಿಕ್ಕವನಾಗಿದ್ದಾಗ ಊರಿನ ಗುಡಿಯಲ್ಲಿ ಹರಿಕಥೆಗೆ ನಮ್ಮ ಅವ್ವ ನನ್ನನ್ನು ಕರೆದೊಯ್ಯುತ್ತಿದ್ದಳು. ಸಿರಿಯಾಳನ ಕಥೆಯಿದ್ದ ರಾತ್ರಿ, ದಾಸರು ಚೀಲಾಳನನ್ನು ಮಠದಿಂದ ಮನೆಗೆ ಕರೆತರುವವರೆಗೆ ಕೂತಿದ್ದು, ಆಮೇಲೆ ಎದ್ದುಬಿಡುತ್ತಿದ್ದಳು. “ಒಲೆಯ ಮೇಲೆ ಹಾಲಿಟ್ಟು ಬಂದಿದೀನಿ ಕಣಪ್ಪ” ಎನ್ನುವಳು. ರಾತ್ರಿ ಹತ್ತು ಗಂಟೆಯಲ್ಲಿ ಯಾವ ಒಲೆ, ಯಾವ ಹಾಲು? ನನಗಿಂತ ಮುಂಚೆ ಹುಟ್ಟಿ ಐದನೆಯ ವರ್ಷದಲ್ಲಿ ಹೋದ ಅಣ್ಣನೊಬ್ಬನಿದ್ದನೆಂದು ನನಗೆ ತಿಳಿದುದು ಎಷ್ಟೋ ವರ್ಷದ ಮೇಲೆ. ಚೀಲಾಳ ಎದ್ದುಬಂದನೆಂದು ದಾಸರು ಕುಣಿದು ಹಾಡುವ ಹೊತ್ತಿಗೆ ಅವ್ವ ಗುಡಿಯಲ್ಲಿ ಎಂದೂ ಇದ್ದವಳಲ್ಲ.

ಕಳೆದ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ, ಜಗಲಿಯ ಮೇಲೆ ಕೂತು ಮಿಸ್ಲಿವೆಚೆಕನ ಕೃತಿಯನ್ನು ಮೊಬೈಲಿನಲ್ಲಿ ಕೇಳುತ್ತಿದ್ದೆ. ಕುರುಬರನ್ನು ಸಾರಾ ಕೇಳುವ ಹಾಡು ಬಂದಿತ್ತು. ಅವ್ವ ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲಿದ್ದಳು. ಅವಳಿಗೀಗ ಎಪ್ಪತ್ತು ದಾಟಿದೆ.

“ಈವಮ್ಮ ಯಾರನ್ನ ಅಷ್ಟೊಂದು ಕೇಳ್ತಾವಳೆ?”

“ಕುರುಬರನ್ನವ್ವ. ಮಗನ್ನ ಅವರಪ್ಪ ಬೆಟ್ಟಕ್ಕೆ ಕರಕೊಂಡು ಹೋಗವನೆ. ಬಲಿ ಕೊಡಾಕೆ.”

ಅವಳ ಕೈ ನಿಂತಿತು. ಮೊರದ ಅಂಚನ್ನು ಹಿಡಿದುಕೊಂಡು ಏಳಲು ಹೊರಟಳು. ಆ ಹಳೆಯ ಹಾಲಿನ ಮಾತು ಬರುವುದೆಂದು ನಾನು ಕಾದೆ. ಅದರ ಬದಲು ಅವಳು ಕೇಳಿದಳು: “ಹುಡುಗ ವಾಪಸ್ ಬಂದನಾ?”

“ಬಂದ ಕಣವ್ವ.”

“ಅವಳಿದ್ದಾಗಲೇ ಬಂದನಾ?”

“ಹ್ಞೂ. ಅವಳ ಕಣ್ಣಮುಂದೇನೆ.”

ಅವ್ವ ಮತ್ತೆ ಕುಳಿತು ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. “ಹಂಗಾರೆ ಇರಲಿ, ನಿಲ್ಲಿಸಬೇಡ” ಎಂದಳು. ಹಾಡು ಮುಗಿದು, ಮೇಳ ಬಂದು, ಹುಡುಗ ತಿರುಗಿ ಬರುವವರೆಗೂ ಅವಳು ಎದ್ದು ಹೋಗಲಿಲ್ಲ.