ಐದು ಬೆಕ್ಕುಗಳ ಮನೆಗೆ ಸೋಂಕು ಬಂದಾಗ

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸಿಯೇ ದೊಡ್ಡದು ಮಾಡುತ್ತದೆ ಎಂದು ನಮ್ಮ ಕಡೆ ಒಂದು ಮಾತುಂಟು. ಶಿರಸಿಯ ಹತ್ತಿರದ ನನ್ನ ತವರುಮನೆಯಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಟ್ಟದ ಮೇಲೆ ಒಂದು ವಾರ, ಕೊಟ್ಟಿಗೆಯ ಹುಲ್ಲಿನಲ್ಲಿ ಒಂದು ವಾರ, ಬಚ್ಚಲ ಕಟ್ಟಿಗೆಯ ಸಂದಿಯಲ್ಲಿ ನಾಲ್ಕು ದಿನ – ಹೀಗೆ ತಾಯಿಬೆಕ್ಕಿನ ಸಂಸಾರ ಸಾಗುತ್ತಿತ್ತು. ಒಂದು ಬೆಕ್ಕಿಗೆ ಜಡ್ಡಾದರೆ ಅದು ತಾನಾಗಿಯೇ ಎಲ್ಲೋ ಮೂಲೆ ಸೇರುತ್ತಿತ್ತು. ಉಳಿದವಕ್ಕೆ ದೂರವಿರಲು ಸ್ಥಳವಿತ್ತು.

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಏಳು ಮನೆ ಎಲ್ಲಿಂದ ಬರಬೇಕು? ಇಲ್ಲಿ ಬೆಕ್ಕುಗಳೆಲ್ಲ ಒಂದೇ ಸಾಲಿನಲ್ಲಿ ಉಣ್ಣುತ್ತವೆ, ಒಂದೇ ಮರಳಿನ ತಟ್ಟೆಗೆ ಹೋಗುತ್ತವೆ, ಒಂದೇ ಸೋಫಾದ ಮೇಲೆ ಮಲಗುತ್ತವೆ. ನೋಡುವ ಕಣ್ಣಿಗೆ ಇದು ಬಲು ಚೆಂದ. ಆದರೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಬೇರೊಂದಿಲ್ಲವೆಂಬುದನ್ನು ನಾವು 2023ರ ಮಳೆಗಾಲದಲ್ಲಿ ಕಲಿತೆವು. ಕಲಿಯುವುದಕ್ಕೆ ಬೆಲೆಯನ್ನೂ ತೆತ್ತೆವು.

ಆಗ ನಮ್ಮಲ್ಲಿ ನಾಲ್ಕು ಬೆಕ್ಕುಗಳಿದ್ದವು. ರಂಗಿ ಮತ್ತು ಬೆಳ್ಳಿಗೆ ಚುಚ್ಚುಮದ್ದು ಆಗಿತ್ತು. ಎರಡು ವರ್ಷದ ಸೋಮನಿಗೂ ಏಳು ತಿಂಗಳ ಕರಿಯನಿಗೂ ಆಗಿರಲಿಲ್ಲ. 'ಮುಂದಿನ ತಿಂಗಳು ಮಾಡಿಸೋಣ' ಎಂದು ನಾನೇ ಮುಂದೂಡುತ್ತ ಬಂದಿದ್ದೆ. ಒಂದು ಶುಕ್ರವಾರ ಸಂಜೆ ನಮ್ಮ ಮಗಳು ಮೆಟ್ಟಲ ಕೆಳಗೆ ನೆನೆದು ನಡುಗುತ್ತಿದ್ದ ಒಂದು ಮರಿಯನ್ನು ಸೆರಗಿನಂತೆ ಓಢಣಿಯಲ್ಲಿ ಸುತ್ತಿ ತಂದಳು. ಪುಟ್ಟಿ ಎಂದು ಹೆಸರಿಟ್ಟದ್ದೂ ಆಯಿತು, ಉಳಿದವುಗಳ ಜೊತೆ ಹಾಲನ್ನ ಹಾಕಿದ್ದೂ ಆಯಿತು. ಎರಡು ದಿನ ಬೇರೆಯಾಗಿಟ್ಟು ನೋಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ.

ಭಾನುವಾರ ಪುಟ್ಟಿ ಒಮ್ಮೆ ವಾಂತಿ ಮಾಡಿತು. 'ಹುಲ್ಲೋ ಕೂದಲೋ ತಿಂದಿರಬೇಕು' ಎಂದುಕೊಂಡೆವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ನಗುತ್ತೇವಲ್ಲ, ಅಂದು ಕಣ್ಣು ಮುಚ್ಚಿಕೊಂಡವರು ನಾವು. ಸಂಜೆಯ ಹೊತ್ತಿಗೆ ಅದು ನೀರಿನ ಬಟ್ಟಲ ಮೇಲೆ ತಲೆ ಇಳಿಬಿಟ್ಟು ಕುಳಿತಿತ್ತು, ಆದರೆ ನೀರನ್ನು ಮುಟ್ಟುತ್ತಿರಲಿಲ್ಲ. ಬಾಯಾರಿಕೆಯಿದ್ದೂ ಕುಡಿಯಲಾಗದ ಆ ಭಂಗಿ ಈ ರೋಗದ ಗುರುತೆಂದು ಮರುದಿನ ವೈದ್ಯರು ಹೇಳಿದರು. ಮಂಗಳವಾರ ರಾತ್ರಿ ಪುಟ್ಟಿ ಹೋಯಿತು.

ರೋಗದ ಹೆಸರು ಪ್ಯಾನ್‌ಲ್ಯೂಕೋಪೀನಿಯಾ. ಎಲ್ಲ ಬಗೆಯ ಬಿಳಿ ರಕ್ತಕಣಗಳೂ ಕುಗ್ಗುವುದೆಂದು ಅದರ ಅರ್ಥ. ಪಾರ್ವೊ ಎಂಬ ಅತಿ ಸಣ್ಣ ವೈರಸ್ಸು ಇದಕ್ಕೆ ಕಾರಣ. ಬೇಗ ಬೇಗ ಬೆಳೆಯುವ ಜೀವಕೋಶಗಳೇ ಅದಕ್ಕೆ ಪ್ರಿಯ. ಆದುದರಿಂದ ಕರುಳಿನ ಒಳಪದರವನ್ನೂ ರಕ್ತ ಹುಟ್ಟುವ ಮಜ್ಜೆಯನ್ನೂ ಏಕಕಾಲಕ್ಕೆ ಹಾಳುಮಾಡುತ್ತದೆ. ಜ್ವರ, ವಾಂತಿ, ಭೇದಿ, ಮೈನೀರು ಆರುವಿಕೆ ಒಂದರ ಹಿಂದೆ ಒಂದು ಬರುತ್ತವೆ. ಚಿಕಿತ್ಸೆಯಿಲ್ಲದ ಎಳೆಮರಿಗಳಲ್ಲಿ 10ಕ್ಕೆ 9 ಸಾಯುವುದೂ ಉಂಟು. ಮನುಷ್ಯರಿಗೆ ಮಾತ್ರ ಇದು ತಗಲದು.

ವೈದ್ಯರು ಹೇಳಿದ ಇನ್ನೊಂದು ಮಾತು ನಮ್ಮನ್ನು ಹೆಚ್ಚು ಹೆದರಿಸಿತು. ಸೋಂಕು ತಗಲಿದ ಮೇಲೆ ಲಕ್ಷಣ ತೋರಲು 2ರಿಂದ 10 ದಿನ ಹಿಡಿಯಬಹುದು. ಈ ವೈರಸ್ಸು ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಎಂದರೆ ರೋಗವನ್ನು ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವುದು, ಮುದ್ದು ಮಾಡುವ ನಮ್ಮ ಕೈಯೇ! ಅಂದೇ ಸೋಮನಿಗೆ ಚುಚ್ಚುಮದ್ದು ಹಾಕಿಸಿದೆವು. ಕರಿಯನಿಗೂ ಹಾಕಿಸುವಷ್ಟರಲ್ಲಿ ಅವನು ಅನ್ನ ಬಿಟ್ಟಿದ್ದ.

ಗ್ರಿಲ್ಲು ಹಾಕಿ ಮುಚ್ಚಿಸಿದ ಬಾಲ್ಕನಿಯನ್ನು ಕರಿಯನಿಗೆ ಕೊಡುವುದೆಂದು ನಿಶ್ಚಯಿಸಿದಾಗ ನಮ್ಮ ಅತ್ತೆಯವರು ಒಪ್ಪಲಿಲ್ಲ.

"ಹುಷಾರಿಲ್ಲದ್ದನ್ನ ಒಂಟಿ ಹಾಕ್ತಾರೇನೆ? ಅದಕ್ಕೆ ನಾವು ಬೇಡಾದ್ವು ಅನ್ಸೋದಿಲ್ವಾ?" ಎಂದರು.

ಬಾಗಿಲ ಆಚೆ ಕರಿಯ ಕೂಗುತ್ತಿದ್ದ. ಅತ್ತೆಯ ಮಾತು ನನ್ನ ಎದೆಗೂ ನಾಟಿತು. ಆದರೂ ವೈದ್ಯರು ಹೇಳಿದ್ದನ್ನು ಅವರಿಗೆ ವಿವರಿಸಿದೆ: ಒಬ್ಬರೇ ಅವನನ್ನು ನೋಡಿಕೊಳ್ಳಬೇಕು, ಅವನ ಬಟ್ಟಲು, ಅವನ ತಟ್ಟೆ, ಅವನ ಹಾಸು ಬೇರೆ, ಒಳಗೆ ಹೋಗುವಾಗ ಉಡುವ ಸೀರೆಯೂ ಮೆಟ್ಟುವ ಚಪ್ಪಲಿಯೂ ಬೇರೆ, ಹೊರಗೆ ಬಂದೊಡನೆ ಸೋಪು ಹಚ್ಚಿ ಕೈಕಾಲು ತೊಳೆಯಬೇಕು, ಅಲ್ಲಿಯವರೆಗೆ ಬೇರೆ ಯಾವುದನ್ನೂ ಮುಟ್ಟಬಾರದು.

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಮಡಿಯಲ್ವೇನೆ? ಐವತ್ತು ವರ್ಷ ಮಾಡಿದ್ದನ್ನ ನನಗೆ ನೀನು ಹೇಳಿಕೊಡ್ತೀಯಾ? ಕರಿಯ ನನಗಿರಲಿ. ನೀನು ಉಳಿದ ಮೂರನ್ನು ನೋಡು" ಎಂದರು.

ಅವರು ಮಾಡಿದ ಸೇವೆಯನ್ನು ನಾನು ಮರೆಯಲಾರೆ. ಕರಿಯನನ್ನು ದಿನವೂ ವೈದ್ಯರಲ್ಲಿಗೆ ಒಯ್ದು ಸಲೈನು ಹಾಕಿಸುತ್ತಿದ್ದೆವು. ವೈರಸ್ಸನ್ನೇ ಕೊಲ್ಲುವ ಮದ್ದು ಇದಕ್ಕಿಲ್ಲ. ಮೈನೀರು ಆರದಂತೆ, ವಾಂತಿ ನಿಲ್ಲುವಂತೆ, ಬೇರೆ ಸೋಂಕು ಸೇರದಂತೆ ನೋಡಿಕೊಂಡು ದೇಹವೇ ಗೆಲ್ಲುವವರೆಗೆ ಕಾಯುವುದೇ ಚಿಕಿತ್ಸೆ. ಮೊದಲ ಐದು ದಿನ ದಾಟಿದರೆ ಆಸೆ ಹೆಚ್ಚು ಎಂದಿದ್ದರು. ಆರನೆಯ ದಿನ ಬೆಳಿಗ್ಗೆ ಅತ್ತೆಯವರ ಬೆರಳಿನಿಂದ ಕರಿಯ ಒಂದಿಷ್ಟು ಮೀನಿನ ಸಾರನ್ನು ನೆಕ್ಕಿದ. ಮೀನು ಮುಟ್ಟದ ನಮ್ಮತ್ತೆ, ಅದನ್ನು ಪಕ್ಕದ ಮನೆಯವರಿಂದ ತಾವೇ ಕೇಳಿ ತಂದಿದ್ದರು!

ಇನ್ನು ನಮ್ಮ ಅನುಭವದಿಂದ ಗೃಹಿಣಿಯರಿಗೆ ಎರಡು ಮಾತು. ಸೋಂಕು ಬಂದೊಡನೆ ನಾವು ಮೊದಲು ಹುಡುಕುವುದು ಫಿನಾಯಿಲ್ ಬಾಟಲಿಯನ್ನು. ಬೆಕ್ಕಿನ ಮನೆಯಲ್ಲಿ ಅದು ಬೇಡ. ಅದರಲ್ಲಿನ ಅಂಶಗಳನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಿಕೊಳ್ಳಲಾರದು, ನೆಲದಿಂದ ಪಾದಕ್ಕೆ, ಪಾದದಿಂದ ನಾಲಿಗೆಗೆ ಸೇರಿ ಅದೇ ವಿಷವಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿಗೂ ಈ ವೈರಸ್ಸು ಬಗ್ಗುವುದಿಲ್ಲ. ಮೊದಲು ಸೋಪಿನ ನೀರಿನಿಂದ ಕೊಳೆಯನ್ನೂ ಮೂತ್ರವನ್ನೂ ಪೂರ್ತಿ ತೊಳೆದು, ಆಮೇಲೆ ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣದ 1 ಪಾಲಿಗೆ ಸುಮಾರು 30 ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ, 10 ನಿಮಿಷ ಬಿಟ್ಟು ತೊಳೆಯಬೇಕು. ಕಿಟಕಿ ತೆರೆದಿರಲಿ, ಬ್ಲೀಚಿಗೆ ಬೇರೇನನ್ನೂ ಬೆರೆಸಬೇಡಿ, ನೆಲ ಒಣಗುವವರೆಗೆ ಬೆಕ್ಕನ್ನು ಬಿಡಬೇಡಿ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನಂತೂ ಕೊಡಲೇಬೇಡಿ; ಬೆಕ್ಕಿಗೆ ಅದು ಪ್ರಾಣಾಂತಿಕ.

ಕೆಲಸದ ಸರದಿಯೂ ಮುಖ್ಯ. ಆರೋಗ್ಯವಾಗಿರುವ ಬೆಕ್ಕುಗಳಿಗೆ ಮೊದಲು ಊಟ, ರೋಗಿಗೆ ಕೊನೆಯಲ್ಲಿ. ಗುಣವಾದ ಬೆಕ್ಕಿನ ಮಲದಲ್ಲಿಯೂ ಆರು ವಾರದವರೆಗೆ ವೈರಸ್ಸು ಬರಬಹುದಾದ್ದರಿಂದ ಕರಿಯನನ್ನು ಅಷ್ಟು ದಿನವೂ ಬಾಲ್ಕನಿಯಲ್ಲೇ ಇಟ್ಟೆವು. ಉಳಿದ ಮೂರಕ್ಕೂ ರೋಗ ತಗಲಲಿಲ್ಲ.

ಇಷ್ಟೆಲ್ಲ ಪಾಡು ಪಡುವುದಕ್ಕಿಂತ ಮೊದಲೇ ಚುಚ್ಚುಮದ್ದು ಹಾಕಿಸುವುದು ಎಷ್ಟೋ ಹಗುರ. ಮರಿಗೆ 6ರಿಂದ 8 ವಾರ ತುಂಬಿದಾಗ ಆರಂಭಿಸಿ, 3-4 ವಾರಕ್ಕೊಮ್ಮೆಯಂತೆ 16 ವಾರ ದಾಟುವವರೆಗೆ ಕೊಡಿಸಬೇಕು; ಮುಂದಿನದನ್ನು ವೈದ್ಯರು ಹೇಳುತ್ತಾರೆ. ಮನೆಯಿಂದ ಹೊರಗೆ ಕಾಲಿಡದ ಬೆಕ್ಕಿಗೂ ಇದು ಬೇಕು. ಏಕೆಂದರೆ ಹೊರಗೆ ಹೋಗಿ ಬರುವವರು ನಾವಿದ್ದೇವಲ್ಲ.

ಆ ವರ್ಷದ ದಸರೆಗೆ ನೆರೆಯವರೊಬ್ಬರು ಮಗಳ ಸಮಾಧಾನಕ್ಕೆಂದು ಇನ್ನೊಂದು ಮರಿಯನ್ನು ತಂದರು. ಅವಳು ದೂರದಿಂದಲೇ ನೋಡಿ, "ಆಂಟಿ, ನಮ್ಮ ಮನೆ ಇನ್ನೂ ಶುದ್ಧ ಆಗಿಲ್ಲ. ಇದರ ಇಂಜೆಕ್ಷನ್ ಎಲ್ಲ ಮುಗೀಲಿ, ಆಮೇಲೆ ತರ್ತೀನಿ" ಎಂದಳು. ಅಂದು ರಾತ್ರಿ ಅವಳು ಅತ್ತದ್ದು ನನಗೆ ಗೊತ್ತು. ನಾನು ಏನೂ ಹೇಳಲಿಲ್ಲ.

ಆ ಮರಿ ಈಗ ನಮ್ಮಲ್ಲಿಯೇ ಇದೆ. ಚುಚ್ಚುಮದ್ದೆಲ್ಲ ಮುಗಿಸಿಕೊಂಡು ಬಂದರೂ ಮೊದಲ ಎರಡು ವಾರ ಅದು ಬಾಲ್ಕನಿಯಲ್ಲಿತ್ತು. ಬಾಗಿಲ ಸಂದಿಯಲ್ಲಿ ಮೂಗಿಟ್ಟು ಕುಳಿತಿದ್ದ ಕರಿಯನನ್ನು ನೋಡಿ ಅತ್ತೆಯವರು, "ಏಳು ಮನೆ ಇಲ್ಲದಿದ್ದರೆ ಬೇಡ, ಎರಡಾದರೂ ಆಯಿತಲ್ಲ" ಎಂದು ನಕ್ಕರು.