ವಯಸ್ಸಾದ ಹೃದಯಕ್ಕೆ ಯಾವ ಊಟ?

ವಯಸ್ಸಾದಂತೆ ರಕ್ತನಾಳಗಳು ಬಿರುಸಾಗುತ್ತವೆ. ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ನಾರು ಸವೆದು, ಬಿಗಿಯಾದ ಕೊಲಾಜೆನ್ ಹೆಚ್ಚುತ್ತ ಹೋಗುತ್ತದೆ. ರಕ್ತ ನುಗ್ಗಿದಾಗ ಗೋಡೆ ಹಿಗ್ಗದಿದ್ದರೆ ಮೇಲಿನ ಒತ್ತಡ ಏರುತ್ತದೆ. ಎರಡು ಬಡಿತಗಳ ನಡುವೆ ಅದು ಕುಗ್ಗದಿದ್ದರೆ ಕೆಳಗಿನ ಒತ್ತಡ ಇಳಿಯುತ್ತದೆ. ಹಿರಿಯರಲ್ಲಿ 160/75ರಂಥ ಬಿ.ಪಿ. ಮತ್ತೆ ಮತ್ತೆ ಕಾಣಿಸುವುದು ಇದರಿಂದಲೇ. ಹೆಚ್ಚಾದ ಸೋಡಿಯಂ ಅನ್ನು ಹೊರಹಾಕುವುದರಲ್ಲಿ ಮೂತ್ರಪಿಂಡವೂ ನಿಧಾನವಾಗುತ್ತದೆ. ಹಾಗಾಗಿ ಒಂದೇ ಪಾತ್ರೆಯ ಸಾರು ಮೂವತ್ತರ ಮಗನಿಗಿಂತ ಎಪ್ಪತ್ತರ ತಂದೆಯ ಬಿ.ಪಿ.ಯನ್ನು ಹೆಚ್ಚು ಏರಿಸಬಲ್ಲದು. ನಾಲಿಗೆಯ ರುಚಿ ಮಂದವಾಗಿ, ಸಾರು ಸಪ್ಪೆ ಎಂದು ಇನ್ನಷ್ಟು ಉಪ್ಪು ಕೇಳುವವರೂ ಸಾಮಾನ್ಯವಾಗಿ ಅವರೇ.

ಮನೆಯ ಹಿರಿಯರಿಗೆ ಹೃದಯದ ತೊಂದರೆ ಎಂದು ಗೊತ್ತಾದೊಡನೆ ತುಪ್ಪ, ಮೊಟ್ಟೆ, ಕಾಯಿತುರಿ ಮೊದಲು ನಿಲ್ಲುತ್ತವೆ. ಉಪ್ಪಿನಕಾಯಿ ಭರಣಿ ಮಾತ್ರ ಇದ್ದಲ್ಲೇ ಇರುತ್ತದೆ. ಕ್ರಮ ತಿರುಗಬೇಕು, ಈ ವಯಸ್ಸಿನಲ್ಲಿ ಮೊದಲು ನೋಡಬೇಕಾದದ್ದು ಉಪ್ಪನ್ನು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಟೀ ಚಮಚಕ್ಕೂ ಕೊಂಚ ಕಡಿಮೆ. ಅದರಲ್ಲಿ ಸುಮಾರು 2 ಗ್ರಾಂ ಸೋಡಿಯಂ ಇರುತ್ತದೆ. ಇದನ್ನು ಅಳೆಯಲು ತಕ್ಕಡಿ ಬೇಕಿಲ್ಲ. ನಾಲ್ಕು ಜನರ ಮನೆಗೆ ಈ ಲೆಕ್ಕದಲ್ಲಿ ದಿನಕ್ಕೆ 20 ಗ್ರಾಂ ಆಯಿತು. ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಪೊಟ್ಟಣ ತಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ವಿಷಯ ತಿಳಿಯುತ್ತದೆ. ಬಹಳ ಮನೆಗಳಲ್ಲಿ ತಿಂಗಳು ಮುಗಿಯುವ ಮೊದಲೇ ಅದು ಖಾಲಿ. ಅಂಗಡಿಯಿಂದ ಬರುವ ಖಾರ, ಬಿಸ್ಕತ್ತು, ಬ್ರೆಡ್ಡು, ಹಪ್ಪಳಗಳ ಉಪ್ಪು ಈ ಲೆಕ್ಕದ ಹೊರಗೇ ಉಳಿಯುತ್ತದೆ.

ಅನ್ನ, ಮುದ್ದೆ, ರೊಟ್ಟಿಗಳಲ್ಲಿ ಉಪ್ಪು ಇಲ್ಲ ಅಥವಾ ಅಲ್ಪ. ಅವುಗಳ ಜೊತೆಗೆ ಬರುವ ಸಾರು, ಉಪ್ಸಾರು, ಗೊಜ್ಜು, ಚಟ್ನಿಪುಡಿಗಳಲ್ಲೇ ಅದು ತುಂಬಿಕೊಂಡಿರುತ್ತದೆ. ಕರಾವಳಿಯಲ್ಲಿ ಒಣಮೀನು, ಉಪ್ಪಿನಲ್ಲಿಟ್ಟ ಮಾವಿನಕಾಯಿ. ಬಯಲುಸೀಮೆಯಲ್ಲಿ ಬಾಳಕದ ಮೆಣಸಿನಕಾಯಿ, ಸಂಡಿಗೆ. ಮಜ್ಜಿಗೆ ಒಳ್ಳೆಯದೆಂದು ದಿನಕ್ಕೆ ಮೂರು ಲೋಟ ಕುಡಿಯುವವರು ಪ್ರತಿ ಲೋಟಕ್ಕೂ ಬೀಳುವ ಚಿಟಿಕೆ ಉಪ್ಪನ್ನು ಎಣಿಸುವುದಿಲ್ಲ. ಹೊಟ್ಟೆಯುಬ್ಬರಕ್ಕೆ ನೀರಿನಲ್ಲಿ ಬೆರೆಸಿ ಕುಡಿಯುವ ಬುರುಗು ಬರುವ ಪುಡಿಗಳಲ್ಲೂ ಅಡುಗೆ ಸೋಡಾದ ರೂಪದಲ್ಲಿ ಸೋಡಿಯಂ ಇರುತ್ತದೆ. ಸೈಂಧವ ಲವಣ ನಿರಪಾಯಕಾರಿ ಎಂಬ ನಂಬಿಕೆಗೆ ಆಧಾರವಿಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬೆಲೆ ಮಾತ್ರ ಹೆಚ್ಚು. ಉಪ್ಪು ಇಳಿಸಿದಾಗ ಕೆಲವು ವಾರ ಸಪ್ಪೆ ಎನಿಸುತ್ತದೆ, ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ. ನಿಂಬೆರಸ, ಹುಣಸೆ, ಮೆಣಸು, ಜೀರಿಗೆ, ಇಂಗಿನ ಒಗ್ಗರಣೆ ಅಷ್ಟು ದಿನ ದಾಟಿಸುತ್ತವೆ.

ಸೋಡಿಯಂಗೆ ಎದುರಾಗಿ ನಿಲ್ಲುವುದು ಪೊಟ್ಯಾಸಿಯಂ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ‘ಡ್ಯಾಶ್’ ಪ್ರಯೋಗದಲ್ಲಿ ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು-ಮೊಸರು ಹೆಚ್ಚಿದ್ದ ಊಟ ಬಿ.ಪಿ. ಇದ್ದವರ ಮೇಲಿನ ಒತ್ತಡವನ್ನು ಸುಮಾರು 11 ಅಂಕ ಇಳಿಸಿತ್ತು, ಅದೂ ಉಪ್ಪನ್ನು ಕಡಿತ ಮಾಡದೆಯೇ. ಉತ್ತರ ಚೀನಾದ 600 ಹಳ್ಳಿಗಳಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಅದರಲ್ಲಿದ್ದ ಸುಮಾರು 21,000 ಜನರ ಸರಾಸರಿ ವಯಸ್ಸು 65. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಐದು ವರ್ಷ ಸಮೀಪಿಸುವಾಗ ಅಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು.

ಇಂಥ ‘ಲೋ ಸೋಡಿಯಂ’ ಉಪ್ಪು ಈಗ ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಎಲ್ಲರೂ ಕೊಳ್ಳುವಂತಿಲ್ಲ. ಮೂತ್ರಪಿಂಡ ದುರ್ಬಲವಾಗಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಲಯವನ್ನೇ ಕೆಡಿಸಬಹುದು. ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೂ ಈ ಅಪಾಯವಿದೆ. ದಿನಾ ಎರಡು ಮೂರು ಎಳನೀರು ಕುಡಿಯುವ ಅಭ್ಯಾಸಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಕೊಬ್ಬಿನ ವಿಷಯದಲ್ಲಿ ಪ್ರಮಾಣಕ್ಕಿಂತ ಬಗೆ ಮುಖ್ಯ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ. 90ರಷ್ಟು, ತುಪ್ಪದಲ್ಲಿ ಶೇ. 60ಕ್ಕೂ ಮೇಲೆ ಸ್ಯಾಚುರೇಟೆಡ್ ಕೊಬ್ಬಿದೆ. ಕಡಲೆಕಾಯಿ ಎಣ್ಣೆಯಲ್ಲಿ ಐದರಲ್ಲೊಂದು ಪಾಲು. ದಿನದ ಅಡುಗೆಗೆ ಕಡಲೆಕಾಯಿ, ಸೂರ್ಯಕಾಂತಿ, ಎಳ್ಳೆಣ್ಣೆಗಳನ್ನು ಮಿತವಾಗಿ ಬಳಸಿ, ಬಿಸಿ ಅನ್ನಕ್ಕೆ ಅರ್ಧ ಚಮಚ ತುಪ್ಪ ಹಾಕಿಕೊಂಡರೆ ಹೃದಯಕ್ಕೇನೂ ಕೇಡಿಲ್ಲ. ಕೇಡಿರುವುದು ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸಿ ಕರಿಯುವುದರಲ್ಲಿ, ವನಸ್ಪತಿ ಹಾಕಿದ ಬೇಕರಿ ತಿನಿಸಿನಲ್ಲಿ. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಸಂಜೆ ಬಜ್ಜಿ ಅಂಗಡಿಯ ಬಾಣಲೆಯನ್ನು ಪರೀಕ್ಷಿಸುವವರು ಯಾರು ಎಂಬುದು ಬೇರೆ ಮಾತು. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿಗಳಲ್ಲಿ ಒಮೆಗಾ-3 ಧಾರಾಳ. ಹುರಿಯುವುದಕ್ಕಿಂತ ಸಾರು ಮಾಡಿದರೆ ಮೇಲು.

ಎಲ್ಲವನ್ನೂ ಬಿಡಿಸುವುದೂ ಅಪಾಯವೇ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹಸಿವು ಕುಗ್ಗುತ್ತದೆ. ಹಲ್ಲಿಲ್ಲದವರು ಅನ್ನ-ತಿಳಿಸಾರು, ಕಾಫಿ-ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಾರೆ. ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ ತಜ್ಞರು. 60 ಕಿಲೋ ತೂಕದವರಿಗೆ ಕನಿಷ್ಠ 60 ಗ್ರಾಂ ಆಯಿತು. ಒಂದು ಮೊಟ್ಟೆಯಿಂದ ಬರುವುದು ಸುಮಾರು 6 ಗ್ರಾಂ. ಹಾಗಾಗಿ ಸಾರಿನ ತಿಳಿ ಬಡಿಸಿ ಬೇಳೆಯನ್ನು ತಳದಲ್ಲೇ ಬಿಡುವ ಬದಲು ಮೆತ್ತಗೆ ಬೆಂದ ತೊವ್ವೆ, ಸಿಪ್ಪೆ ತೆಗೆದ ಹಿತಕಿದ ಅವರೆಬೇಳೆ, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು, ಗಟ್ಟಿ ಮೊಸರು ತಟ್ಟೆಗೆ ಬರಬೇಕು. ಶೇಂಗಾ, ಬಾದಾಮಿ ಅಗಿಯಲಾರದವರು ಉಪ್ಪು ಹಾಕದೆ ಪುಡಿ ಮಾಡಿಟ್ಟುಕೊಳ್ಳಬಹುದು. ಕಟಕ್ ರೊಟ್ಟಿ ಮುರಿಯಲಾಗದವರಿಗೆ ಮೆತ್ತನೆಯ ಬಿಸಿ ರೊಟ್ಟಿ. ಮುದ್ದೆಯನ್ನಂತೂ ಅಗಿಯುವುದೇ ಬೇಡ, ನುಂಗುವುದು. ನಾರು, ಸುಣ್ಣದಂಶ ಎರಡೂ ಅದರಲ್ಲಿವೆ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಮುದ್ದೆಯ ಗಾತ್ರ ಚಿಕ್ಕದಿರಲಿ.

ಹಬ್ಬದೂಟ ಮುಗಿಸಿ ಎದ್ದಾಗ ಹಿರಿಯರಿಗೆ ತಲೆ ಸುತ್ತುವುದುಂಟು. ಭಾರಿ ಊಟವಾದ ಮೇಲೆ ರಕ್ತ ಕರುಳಿನ ಕಡೆಗೆ ಹರಿದು ಎರಡು ಗಂಟೆಯೊಳಗೆ ಬಿ.ಪಿ. ಇಳಿಯಬಹುದು, ಬಿದ್ದು ಮೂಳೆ ಮುರಿದುಕೊಳ್ಳುವ ಭಯವೂ ಇದೆ. ಇಂಥವರಿಗೆ ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಬಾರಿ ಉಣ್ಣುವುದು ಹಿತ.

ಮಾತ್ರೆಗೂ ಊಟಕ್ಕೂ ಇರುವ ನಂಟನ್ನು ಅಡುಗೆ ಮಾಡುವವರೂ ತಿಳಿದಿರಬೇಕು. ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಸೂಚಕ ಪಡೆದ ಹಣ್ಣು. ಅದರ ಜಾತಿಯ ಹಣ್ಣುಗಳಲ್ಲಿರುವ ರಾಸಾಯನಿಕಗಳು ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ತಡೆಯುತ್ತವೆ. ಆಗ ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್, ನಿಫೆಡಿಪಿನ್‌ನಂಥ ಔಷಧಗಳು ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಬಹುದು. ಕೆಮ್ಮಿಗೆಂದು ಜೇಷ್ಠಮಧುವನ್ನು ಬಹುದಿನ ಜಗಿದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಆದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುವುದರಿಂದ ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾಗಬಾರದು. ವಾರಕ್ಕೆಷ್ಟು ಎಂದು ಗೊತ್ತುಮಾಡಿಕೊಂಡು ಅಷ್ಟನ್ನೇ ತಿನ್ನಬೇಕು; ಅದು ಬದಲಾದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತಿಳಿಸುವ ಐ.ಎನ್.ಆರ್. ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಸರಿಪಡಿಸಿಕೊಳ್ಳಬೇಕು.